ಬಿಸಿನೆಸ್ ಕ್ಲಾಸಿಗೆ ಮುದ್ದೆ ಕಟ್ಟಿದ್ದು

ಹಂಪಾಪುರದಲ್ಲಿ, ಕೋಟೆ ಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕ, ನಮ್ಮದೊಂದು ಮುದ್ದೆ ಹೋಟೆಲಿದೆ. ನಮ್ಮದು ಅಂದರೆ ನನ್ನದು ಮತ್ತು ನನ್ನ ಓರಗಿತ್ತಿಯದು. ಅವಳು ಮನೆಯ ಹಿರಿಸೊಸೆ, ನಾನು ಕಿರಿಯವಳು. ಅಕ್ಕ ಅಂತಲೇ ಕರೆಯುತ್ತೇನೆ. ಅಕ್ಕ ಒಲೆಯ ಮುಂದೆ ನಿಂತು ಮುದ್ದೆ ತಿರುವುತ್ತಾಳೆ. ನಾನು ಸಾರು ನೋಡಿಕೊಳ್ಳುತ್ತೇನೆ, ಬಡಿಸುತ್ತೇನೆ, ಬಂದವರ ಜೊತೆ ನಗುತ್ತೇನೆ. ಈ ಕೊನೆಯ ಕೆಲಸವನ್ನೂ ಅಕ್ಕನಿಗೇ ಬಿಟ್ಟಿದ್ದರೆ ಹೋಟೆಲು ಯಾವತ್ತೋ ಮುಚ್ಚಿಹೋಗುತ್ತಿತ್ತು. ಗಿರಾಕಿ 'ಉಪ್ಪು ಒಂಚೂರು ಕಮ್ಮಿ' ಅಂದರೆ 'ನಾಲ್ಗೆ ತೊಳ್ಕಂಡ್ ಬಾರಪ್ಪ' ಅನ್ನುವ ಹೆಂಗಸು ಅವಳು.

ನಮ್ಮಲ್ಲಿ ಉಣ್ಣುವವರು ಹೆಚ್ಚಾಗಿ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತರು, ಮಾನಂದವಾಡಿಗೆ ಹೋಗುವ ಲಾರಿಯವರು, ಬಸ್ಸಿನ ಕಂಡಕ್ಟರುಗಳು. ಶನಿವಾರ ಭಾನುವಾರ ಕಬಿನಿ ಕಡೆ ಆನೆ ನೋಡಲು ಹೋಗುವ ಬೆಂಗಳೂರಿನವರು ಕಾರು ನಿಲ್ಲಿಸುತ್ತಾರೆ, ಬೋರ್ಡು ಓದುತ್ತಾರೆ, ಪಕ್ಕದ ಇಡ್ಲಿ ಹೋಟೆಲಿಗೆ ಹೋಗುತ್ತಾರೆ.

ಆ ಮನುಷ್ಯ ಮಾತ್ರ ಹೋಗಲಿಲ್ಲ. ಹೆಂಡತಿ ಮಕ್ಕಳನ್ನು ಇಡ್ಲಿಗೆ ಕಳಿಸಿ, ತಾನೊಬ್ಬನೇ ನಮ್ಮ ಬೆಂಚಿನ ಮೇಲೆ ಕೂತ. ಮೂರು ಮುದ್ದೆ ಉಂಡ. ಆಮೇಲೆ ಕೈಯನ್ನೂ ಒರೆಸಿಕೊಳ್ಳದೆ ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಆ ಹೊಸಿಲನ್ನು ಗಿರಾಕಿ ದಾಟಬಾರದು ಅನ್ನುವುದು ಅಕ್ಕನ ಕಾನೂನು. ಅವಳು ತಿರುವುತ್ತಿದ್ದ ಮುದ್ದೆಕೋಲನ್ನು ಹಾಗೇ ಎತ್ತಿ ಹಿಡಿದಳು.

"ಅಮ್ಮಾ, ನಾನೂ ಅಡುಗೆಯವನೇ," ಅಂದ ಆತ. ಕರಾವಳಿ ಕಡೆಯ ಮಾತು, ಬಹಳ ಅಚ್ಚುಕಟ್ಟು.

"ಯಾವ ಹೋಟ್ಲು?"

"ಹೋಟೆಲಲ್ಲ. ವಿಮಾನಗಳಿಗೆ ಊಟ ಮಾಡಿ ಕಳಿಸುವ ಅಡುಗೆಮನೆ. ಅಲ್ಲಿ ನಾನು ಮುಖ್ಯ ಅಡುಗೆಯವನು."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇಮಾನದಲ್ಲೂ ಊಟ ಕೊಟ್ಟಾರಾ? ಇಳ್ದು ಉಣ್ಣೋಗಂಟ ತಡ್ಕಳಾಕಾಗಲ್ವಾ ಅವ್ರಿಗೆ?"

ಆತ ಬೇಜಾರು ಮಾಡಿಕೊಳ್ಳಲಿಲ್ಲ. ಸಮಾಧಾನವಾಗಿ ಹೇಳಿದ: ವಿಮಾನದಲ್ಲಿ ಮುಂದುಗಡೆ ಬಿಸಿನೆಸ್ ಕ್ಲಾಸ್ ಅಂತ ಇರುತ್ತದೆ. ಅಲ್ಲಿ ಕೂರುವವರಿಗೆ ಪಿಂಗಾಣಿ ತಟ್ಟೆಯಲ್ಲಿ ಊಟ. ಅವರಿಗೆ ಪನೀರು ತಿಂದು ತಿಂದು ಸಾಕಾಗಿದೆ. ಕಂಪನಿಯ ಮೇಲಿನವರು ಈಗ 'ಈ ಸೀಮೆಯ ಊಟ ಏನಾದರೂ ಕೊಡಿ' ಅಂತ ಕೂತಿದ್ದಾರೆ. ಹುಡುಕಿ ಹುಡುಕಿ ಸುಸ್ತಾಗಿ ರಜಾ ಹಾಕಿ ಆನೆ ನೋಡಲು ಬಂದರೆ, ಆನೆ ಕಾಣಲಿಲ್ಲ, ಇಲ್ಲಿ ಉಪ್ಸಾರು ಸಿಕ್ಕಿತು.

ಅವನು ಈ ಮಾತಾಡುತ್ತಿರುವಾಗಲೇ ನಮಗೆ ಸೊಪ್ಪು ತಂದುಕೊಡುವ ಹೆಂಗಸು ಬಂದಳು. ಅವಳು ಕಾಕನಕೋಟೆ ಕಾಡಿನ ಹಾಡಿಯವಳು. ಮಗಳನ್ನು ನಮ್ಮ ಹತ್ತಿರದ ಹಳ್ಳಿಗೇ ಕೊಟ್ಟಿರುವುದರಿಂದ ವಾರಕ್ಕೆರಡು ಸಲ ಬಸ್ಸಲ್ಲಿ ಬರುತ್ತಾಳೆ, ಬರುವಾಗ ಒಂದು ಹೊರೆ ಬೆರಕೆ ಸೊಪ್ಪು ತರುತ್ತಾಳೆ. ಹೊರೆ ಕಂಡದ್ದೇ ಅಡುಗೆಯವನ ಕಣ್ಣು ಅರಳಿತು. ಫೋನು ತೆಗೆದು, "ಇದರಲ್ಲಿ ಯಾವ ಯಾವ ಸೊಪ್ಪಿದೆ, ಒಂದೊಂದೇ ಹೇಳಮ್ಮ," ಅಂತ ಬರೆದುಕೊಳ್ಳಲು ನಿಂತ.

ಅಣ್ಣೆ, ಕನ್ನೆ, ಗಣಿಕೆ, ಕೀರೆ, ಹೊನಗೊನೆ ಅಂತ ಅವಳು ಹೇಳುತ್ತಾ ಹೋದಳು. ಆತ ಬರೆಯುತ್ತಲೇ ಇದ್ದ. "ಇನ್ನೂ?" ಅಂದ. ಅವಳು ಒಂದು ಗಳಿಗೆ ಯೋಚಿಸಿ, "ಗೆಜ್ಜೆ ಸೊಪ್ಪು," ಅಂದಳು. ಅದನ್ನೂ ಬರೆದುಕೊಂಡ.

ಕಾರು ಹೋದ ಮೇಲೆ ನಾನು ಕೇಳಿದೆ, "ಗೆಜ್ಜೆ ಸೊಪ್ಪು ಯಾವುದು? ನಾನು ಕಂಡೇ ಇಲ್ವಲ್ಲ."

"ಗೆಜ್ಜೆ ನಮ್ಮ ನಾಯಿ ಕಣವ್ವ," ಅಂದಳು. "ಆ ವಯ್ಯ ನಿಲ್ಲುಸ್ಲೇ ಇಲ್ಲ. ಕಾಡಲ್ಲಿರೋದ್ನೆಲ್ಲ ಹೇಳ್ಬುಟ್ರೆ ನಮ್ಗೇನ್ ಉಳೀತದೆ?"

ಇದು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆವು. ಎರಡು ವಾರ ಕಳೆದ ಮೇಲೆ ಆ ಅಡುಗೆಯವನ ಫೋನು ಬಂತು. ಬೆಂಗಳೂರಿಗೆ ಬಂದು ನಮ್ಮ ಹುಡುಗರಿಗೆ ಮುದ್ದೆ ಕಲಿಸಿಕೊಡಬೇಕು, ಕಾರು ಕಳಿಸುತ್ತೇವೆ ಅಂದ. ಅಕ್ಕ ಎರಡು ಷರತ್ತು ಹಾಕಿದಳು. ರಾಗಿ ಗಾವಡಗೆರೆಯ ತನ್ನ ತವರಿನದೇ ಆಗಬೇಕು. ಕೋಲು ತನ್ನದೇ ಆಗಬೇಕು. ಹೀಗೆ ಒಂದು ಚೀಲ ರಾಗಿಹಿಟ್ಟು, ಒಂದು ಮುದ್ದೆಕೋಲು, ನಾವಿಬ್ಬರು ಹೊರಟೆವು.

ವಿಮಾನ ನಿಲ್ದಾಣದ ಪಕ್ಕದ ಆ ಅಡುಗೆಮನೆ ನೋಡಿ ನನಗೆ ಆಸ್ಪತ್ರೆಗೆ ಬಂದ ಹಾಗಾಯಿತು. ಬಿಳಿ ಕೋಟು, ತಲೆಗೆ ಬಲೆ, ಕಾಲಿಗೆ ರಬ್ಬರಿನ ಬೂಟು. ಒಂದು ಗೋಡೆಯ ತುಂಬ ಗಡಿಯಾರ. ಒಗ್ಗರಣೆ ವಾಸನೆ ಎಲ್ಲೂ ಇಲ್ಲ. ಅಕ್ಕನ ಬಳೆ ತೆಗೆಸಲು ಒಬ್ಬಳು ಬಂದಳು, ಅಕ್ಕ ಅವಳನ್ನು ನೋಡಿದ ರೀತಿಗೆ ಹಾಗೇ ಹಿಂದೆ ಸರಿದು, ಬಳೆಯ ಮೇಲೆ ಉದ್ದನೆಯ ಗ್ಲೌಸು ಹಾಕಿಸಿದಳು.

ಜಗಳ ಶುರುವಾಗಿದ್ದು ಆ ಗ್ಲೌಸಿನಿಂದಲೇ. "ಬಿಸಿ ಕೈಗೆ ತಿಳೀದೆ ಮುದ್ದೆ ಹೆಂಗ್ ಕಟ್ಟದು? ಕಣ್ಣಿಗೆ ಬಟ್ಟೆ ಕಟ್ಕಂಡು ಸೂಜಿ ಪೋಣುಸ್ದಂಗಾಯ್ತು," ಅಂತ ಅಕ್ಕ ಗೊಣಗುತ್ತಲೇ ಇಪ್ಪತ್ತು ಮುದ್ದೆ ಕಟ್ಟಿದಳು. ಒಂದಕ್ಕೊಂದು ಅಚ್ಚು ಹೊಡೆದ ಹಾಗೆ, ಹೊಳೆಯುತ್ತಾ, ಹಬೆಯಾಡುತ್ತಾ ಕೂತವು. ಸುತ್ತ ನಿಂತಿದ್ದ ಬಿಳಿ ಕೋಟಿನವರು ಚಪ್ಪಾಳೆ ತಟ್ಟಿದರು. ಅಕ್ಕ ಸಾರು ಎಲ್ಲಿ ಅಂತ ಸುತ್ತ ನೋಡುತ್ತಿದ್ದರೆ, ಒಬ್ಬ ಬಂದು ಮುದ್ದೆಯ ಹೊಟ್ಟೆಗೆ ಜ್ವರ ನೋಡುವ ಕಡ್ಡಿ ಚುಚ್ಚಿದ. ಇನ್ನೊಬ್ಬ ಅಷ್ಟನ್ನೂ ತಟ್ಟೆ ಸಮೇತ ತಳ್ಳಿಕೊಂಡು ಹೋಗಿ ದೊಡ್ಡ ಫ್ರಿಜ್ಜಿನೊಳಗೆ ಹಾಕಿದ.

"ಏನಪ್ಪಾ ಮಾಡ್ತಾ ಇದೀಯ?" ಅಕ್ಕ ಕೂಗಿದಳು.

ಅಡುಗೆಯವನು ವಿವರಿಸಿದ. ಇಲ್ಲಿ ಮಾಡಿದ್ದನ್ನು ಬಿಸಿಬಿಸಿಯಾಗಿ ಕಳಿಸುವ ಹಾಗಿಲ್ಲ. ಮೊದಲು ತಣ್ಣಗೆ ಮಾಡಬೇಕು. ವಿಮಾನ ಹಾರಿದ ಮೇಲೆ ಅಲ್ಲಿನ ಓವನ್ನಿನಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಎಲ್ಲ ಊಟವೂ ಹಾಗೆಯೇ.

ಎರಡು ಗಂಟೆ ಕಳೆದ ಮೇಲೆ ಮುದ್ದೆ ಆಚೆ ಬಂತು. ಅಕ್ಕ ಒಂದನ್ನು ಎತ್ತಿ ಸ್ಟೀಲ್ ಮೇಜಿನ ಮೇಲೆ ಬಿಟ್ಟಳು. ಅದು ಟಣ್ ಅಂದು, ಉರುಳಿ, ಕೆಳಗೆ ಬಿದ್ದು, ಒಬ್ಬರ ಬೂಟಿಗೆ ತಗಲಿ ನಿಂತಿತು. ಯಾರೂ ನಗಲಿಲ್ಲ. ನಾನು ನಕ್ಕೆ, ಅಕ್ಕ ಮೊಣಕೈಯಲ್ಲಿ ತಿವಿದಳು.

ಆಮೇಲೆ ಖಾರದ ಜಗಳ. ಉಪ್ಸಾರು ಅಂದರೆ ಸೊಪ್ಪು ಕಾಳು ಬೇಯಿಸಿದ ತಿಳಿನೀರು. ಅದಕ್ಕೆ ಜೀವ ಬರುವುದು ಪಕ್ಕದಲ್ಲಿಡುವ ರುಬ್ಬಿದ ಖಾರದಿಂದ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹುಳಿ. ಅಡುಗೆಯವನು ಬೆಳ್ಳುಳ್ಳಿ ಪೂರ್ತಿ ತೆಗೆಸಿದ, ಮೆಣಸಿನಕಾಯಿ ಅರ್ಧ ಮಾಡಿಸಿದ. ಮುಚ್ಚಿದ ಜಾಗ, ವಾಸನೆ ಆಗುತ್ತದೆ, ದೊಡ್ಡ ಮನುಷ್ಯರು ಅಂದ. ಹುಳಿ ಉಪ್ಪು ಮಾತ್ರ ಜಾಸ್ತಿ ಹಾಕಬೇಕು, ಯಾಕೆಂದರೆ ಮೇಲೆ ಹೋದಾಗ ಗಾಳಿ ಒಣಗಿರುತ್ತದೆ, ನಾಲಗೆ ಜಡ್ಡುಗಟ್ಟುತ್ತದೆ, ರುಚಿ ಸರಿಯಾಗಿ ತಿಳಿಯುವುದಿಲ್ಲ ಅಂದ.

ಅಕ್ಕ ಇದನ್ನು ನಂಬಲೇ ಇಲ್ಲ. "ನಾಲ್ಗೆ ಎಲ್ಲೋದ್ರೂ ನಾಲ್ಗೇನೆ ಕಣ್ರೀ. ನಿಮ್ಮ ಅಡ್ಗೆ ಕೆಟ್ಟದ್ದಕ್ಕೆ ಗಾಳಿ ಮ್ಯಾಲೆ ಯಾಕ್ ಹಾಕ್ತೀರಿ?"

ಅವನಿಗೂ ರೇಗಿತು ಅಂತ ಕಾಣುತ್ತದೆ. "ಹಾಗಾದರೆ ನೀವೇ ಹೋಗಿ ತಿಂದು ಬನ್ನಿ," ಅಂದ.

ನಾವು ಅದನ್ನು ಕೋಪದ ಮಾತು ಅಂದುಕೊಂಡೆವು. ಅವನು ಮುದ್ದೆ ಮೊದಲ ಸಲ ಹಾರುವ ದಿನಕ್ಕೆ ನಿಜವಾಗಿ ಟಿಕೆಟ್ ಮಾಡಿಸಿದ. ಬೆಳಿಗ್ಗೆ ಹನ್ನೊಂದಕ್ಕೆ ದಿಲ್ಲಿಗೆ, ಮಧ್ಯಾಹ್ನವೇ ವಾಪಸ್. ದಿಲ್ಲಿಯಲ್ಲಿ ನಿಲ್ದಾಣದಿಂದ ಆಚೆ ಕಾಲಿಡುವುದೂ ಇಲ್ಲ. ಹೋಗುವುದು, ಉಣ್ಣುವುದು, ಬರುವುದು, ವರದಿ ಒಪ್ಪಿಸುವುದು. ಹುಣಸೂರಿನಲ್ಲಿ ಪಿಯುಸಿ ಓದುವಾಗ ಪಿಕ್ನಿಕ್ಕಿಗೂ ಮನೆಯಲ್ಲಿ ಕಳಿಸದೆ ಇದ್ದ ನಾನು ಉಂಡು ಬರಲು ದಿಲ್ಲಿಗೆ ಹೊರಟೆ.

ಬಿಸಿನೆಸ್ ಕ್ಲಾಸಿನ ಸೀಟು ನಮ್ಮ ಹೋಟೆಲಿನ ಒಂದು ಬೆಂಚಿನಷ್ಟು ಅಗಲ. ಅಲ್ಲಿ ನಾಲ್ಕು ಜನ ಕೂರುತ್ತಾರೆ, ಇಲ್ಲಿ ಅಕ್ಕ ಒಬ್ಬಳೇ. ಸೀಟಿನ ಪಟ್ಟಿ ಕಟ್ಟಿದ್ದೇ ವಿಮಾನದ ಹುಡುಗಿಯೊಬ್ಬಳು ಬಂದು ಇಕ್ಕಳದಲ್ಲಿ ಹಿಡಿದು ಬಿಸಿ ಟವೆಲು ಕೊಟ್ಟಳು. ಅಕ್ಕ ಅದರಿಂದ ಮುಖ ಒರೆಸಿಕೊಂಡಳು, ಕತ್ತು ಒರೆಸಿಕೊಂಡಳು, ಆಮೇಲೆ ಮಡಿಸಿ, ಊಟದ ಹಲಗೆ ಬಿಚ್ಚಿ ಅದನ್ನೂ ತಿಕ್ಕಿ ಒರೆಸಿದಳು. "ಬಟ್ಟೆ ಚೆನ್ನಾಗದೆ ಕಣೇ, ಚೆನ್ನಾಗ್ ನೀರು ಹೀರ್ತದೆ," ಅಂದಳು. ನಾನು ತಡೆಯುವಷ್ಟರಲ್ಲಿ ಪಕ್ಕದ ಸಾಲಿನವರ ಹಲಗೆಯ ಮೇಲೂ ಕೈಯಾಡಿಸಿ ಬಂದಿದ್ದಳು. ಅಲ್ಲಿ ಕೂತಿದ್ದದ್ದು ಸೂಟು ಹಾಕಿದ, ಐವತ್ತು ದಾಟಿದ ಒಬ್ಬ ಯಜಮಾನರು. ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ ಕಿಟಕಿ ಕಡೆ ತಿರುಗಿದರು.

ಆಮೇಲೆ ಊಟದ ಕಾರ್ಡು ಬಂತು. ದಪ್ಪ ಕಾಗದ, ಬಂಗಾರದ ಅಂಚು, ಎಲ್ಲ ಇಂಗ್ಲಿಷು. ಅಕ್ಕನಿಗೆ ಕನ್ನಡ ಮಾಡಿ ಹೇಳುವುದು ನನ್ನ ಕೆಲಸ.

"ಕೈಯಲ್ಲಿ ಉರುಳಿಸಿದ ರಾಗಿ ದಿಂಬು ಅಂತ ಬರೆದಿದ್ದಾರೆ ಅಕ್ಕ."

"ದಿಂಬಾ? ತಲೆಗಿಟ್ಕಂಡು ಮನಿಕ್ಕಳಾಕಾ?"

"ಜೊತೆಗೆ, ಕಾಡಿನಿಂದ ಆರಿಸಿ ತಂದ ಸೊಪ್ಪು..." ಓದುತ್ತಾ ಓದುತ್ತಾ ನನ್ನ ದನಿ ನಿಂತುಹೋಯಿತು. ಅಣ್ಣೆ, ಕನ್ನೆ ಎಲ್ಲ ಬಿಟ್ಟು ಒಂದೇ ಒಂದು ಸೊಪ್ಪಿನ ಹೆಸರು ಹಾಕಿದ್ದರು. ಅವರಿಗೆ ಅದೇ ಚೆನ್ನಾಗಿ ಕೇಳಿಸಿರಬೇಕು. ಗೆಜ್ಜೆ.

ಅಕ್ಕನಿಗೆ ಹೇಳಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅಲ್ಲಾಡಿ ಅಲ್ಲಾಡಿ ನಕ್ಕಳು. ಹುಡುಗಿ ಓಡಿ ಬಂದು, "ಆಂಟಿ, ಹುಷಾರಿದ್ದೀರಾ?" ಅಂತ ನೀರು ಕೊಟ್ಟಳು. ಹಿಂದೆ ಕೂತಿದ್ದ ಒಬ್ಬಾಕೆ ತನ್ನ ಗಂಡನಿಗೆ, ಗೆಜ್ಜೆ ಎಲೆ ತುಂಬ ಅಪರೂಪವಂತೆ, ಮಂಡಿನೋವಿಗೆ ಒಳ್ಳೆಯದಂತೆ ಅಂತ ಹೇಳುತ್ತಿದ್ದಳು. ನನಗೆ ಪಾಪ ಅನ್ನಿಸಿತು, ಆದರೂ ಸುಮ್ಮನಿದ್ದೆ. ಆ ನಾಯಿ ಬಹಳ ಸಾಧುವಂತೆ.

ಊಟ ಬಂತು. ಪಿಂಗಾಣಿ ತಟ್ಟೆಯ ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ. ಪಕ್ಕದಲ್ಲಿ ಹಾಲೂಡಿಸುವ ಒಳಲೆಯಷ್ಟು ಬಟ್ಟಲಲ್ಲಿ ಸಾರು. ಖಾರವನ್ನು ತಟ್ಟೆಯ ಅಂಚಿಗೆ ಕುಂಚದಲ್ಲಿ ಎಳೆದಿದ್ದರು, ಬಾಗಿಲಿಗೆ ಕುಂಕುಮ ಹಚ್ಚಿದ ಹಾಗೆ. ಮೇಲೆ ಒಂದು ಹೂವು. ಎಡಕ್ಕೆ ಎರಡು ಫೋರ್ಕು, ಬಲಕ್ಕೆ ಎರಡು ಚೂರಿ.

ಅಕ್ಕ ಹೂವನ್ನು ತೆಗೆದು ಮುಡಿದುಕೊಂಡಳು. ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದಳು. ಇನ್ನೊಂದು ತುತ್ತು ನುಂಗಿದಳು. ಆಮೇಲೆ ಉಪ್ಪಿನ ಪೊಟ್ಟಣ ಹರಿದು ಎಲ್ಲವನ್ನೂ ಸಾರಿಗೆ ಸುರಿದು, ಅದನ್ನು ನೆಕ್ಕಿ ನೋಡಿದಳು. ನನ್ನ ಕಡೆ ತಿರುಗಲೇ ಇಲ್ಲ. ನಾನೂ ತಿಂದೆ. ಶೀತವಾದಾಗ ಉಂಡ ಹಾಗಿತ್ತು. ಮುದ್ದೆ ಹೊಟ್ಟೆಗೆ ಇಳಿಯುವುದು ಗೊತ್ತಾಗುತ್ತದೆ, ರುಚಿ ಎಲ್ಲೋ ದೂರದಲ್ಲಿ.

"ಆ ವಯ್ಯ ಹೇಳಿದ್ದು ನಿಜ ಅಲ್ವಾ ಅಕ್ಕ?" ಅಂದೆ, ಸ್ವಲ್ಪ ಚುಚ್ಚಲಿಕ್ಕೇ.

"ಬೆಳ್ಳುಳ್ಳಿ ಹಾಕಿದ್ರೆ ಇಂಗಾಯ್ತಿರ್ಲಿಲ್ಲ," ಅಂದಳು. ಸೋತೆ ಅನ್ನುವುದನ್ನು ಅಕ್ಕ ಹೀಗೇ ಹೇಳುವುದು.

ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ, ಕಾಗದದಲ್ಲಿ ಕಟ್ಟಿದ ಹುಚ್ಚೆಳ್ಳು ಚಟ್ನಿಪುಡಿ ತೆಗೆದಳು. ಬಿಚ್ಚಿದ್ದೇ ತಡ ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಘಮ ಮುಂದಿನ ಸಾಲಿನವರೆಗೆ ಹೋಯಿತು. ಒಬ್ಬರು ಸೀನಿದರು. ನಾಲಗೆಗೆ ಪುಡಿ ಬಿದ್ದ ಮೇಲೆಯೇ ನನಗೆ ಮೂಗು ಬಾಯಿ ಇರುವುದು ನೆನಪಾಗಿದ್ದು.

ಅಷ್ಟರಲ್ಲಿ ಅಕ್ಕನ ಕಣ್ಣು ಪಕ್ಕದ ಯಜಮಾನರ ತಟ್ಟೆಯ ಮೇಲೆ ಬಿತ್ತು. ಅವರು ಮುದ್ದೆಯನ್ನು ಫೋರ್ಕಿನಲ್ಲಿ ಒತ್ತಿ ಹಿಡಿದು ಚೂರಿಯಿಂದ ಎಂಟು ತುಂಡು ಮಾಡಿದ್ದರು. ಒಂದು ತುಂಡು ಬಾಯಿಗಿಟ್ಟುಕೊಂಡು ಮೆಲ್ಲಗೆ ಅಗಿಯುತ್ತಿದ್ದರು. ಮುದ್ದೆ ಅಗಿಯುವವರನ್ನು ಅಕ್ಕ ಜೀವಮಾನದಲ್ಲಿ ಸಹಿಸಿದವಳಲ್ಲ.

"ಸ್ವಾಮಿ, ಅದ್ನ ಅಗೀಬಾರ್ದು. ನುಂಗ್ಬೇಕು."

ಅವರು, "ಸಾರಿ?" ಅಂದರು.

ಅಕ್ಕ ನನ್ನ ಕಡೆ ತಿರುಗಿ, ಇಡೀ ವಿಮಾನಕ್ಕೆ ಕೇಳುವ ಹಾಗೆ, "ಪಾಪ, ಎಲ್ಲಿಯೋರೋ ಏನೋ. ಕುಯ್ಕಂಡು ಅಗೀತಾವ್ರೆ ನೋಡು. ಇವ್ರ ಅಪ್ಪ ಅವ್ವ ಏನ್ ತಿನ್ಸಿ ಬೆಳ್ಸಿದ್ರೋ," ಅಂದಳು.

ಯಜಮಾನರು ಚೂರಿ ಕೆಳಗಿಟ್ಟರು. ಅವರ ಕಿವಿ ಕೆಂಪಗಾಗಿತ್ತು. "ಮುದ್ದೆನೇ ತಿನ್ಸಿ ಬೆಳ್ಸಿದ್ರು ಕಣಮ್ಮ," ಅಂದರು. "ನಾನು ಕೇಆರ್ ನಗರದೋನು."

ನನಗೆ ಸೀಟಿನೊಳಗೆ ಇಳಿದುಹೋಗಬೇಕು ಅನ್ನಿಸಿತು. ಅಕ್ಕನಿಗೆ ಅಂಥದ್ದೇನೂ ಆಗಲಿಲ್ಲ. "ಮತ್ಯಾಕ್ ಸ್ವಾಮಿ ಇಂಗೆ?"

"ಎಲ್ರೂ ನೋಡ್ತಾರಲ್ಲಮ್ಮ."

"ಯಾರ್ ನೋಡ್ತಾರೆ? ಮುಂದ್ಗಡೆಯೋರು ನಿದ್ದೆ ಮಾಡ್ತಾವ್ರೆ. ಆ ಕಡೆಯೋರು ಟೀವಿ ನೋಡ್ತಾವ್ರೆ. ನಿಮ್ಮನ್ನ ನೋಡ್ತಿರೋಳು ನಾನೊಬ್ಳೇ."

ಅವರು ಸುತ್ತ ಒಂದು ಸಲ ಕಣ್ಣಾಡಿಸಿದರು. ಆಮೇಲೆ ಕೋಟು ಬಿಚ್ಚಿದರು, ಅಂಗಿಯ ತೋಳು ಮಡಿಸಿದರು, ಉಳಿದ ಏಳು ತುಂಡನ್ನೂ ಕೈಯಲ್ಲಿ ಒಟ್ಟು ಮಾಡಿ ಮತ್ತೆ ಮುದ್ದೆ ಕಟ್ಟಿದರು. ಅಕ್ಕ ಚಟ್ನಿಪುಡಿ ಬಡಿಸಿದಳು. ಎರಡು ತುತ್ತಿಗೆ ಮುಗಿಯಿತು. ಅವರು ಹುಡುಗಿಯನ್ನು ಕರೆದು ಇನ್ನೊಂದು ಮುದ್ದೆ ಕೇಳಿದರು. ತಲೆಗೊಂದೇ ಸಾರ್ ಅಂದಳು ಅವಳು. "ಯಾರೂ ಬೇಡ ಅಂದಿರೋದು ಇಲ್ವಾ ನೋಡವ್ವ," ಅಂತ ಅಕ್ಕ ಹಿಂಬಾಲಿಸಿದಳು. ಅರ್ಧಕ್ಕರ್ಧ ಜನ ಪಾಸ್ತಾ ತೆಗೆದುಕೊಂಡಿದ್ದರಂತೆ. ಮುಟ್ಟದೆ ಉಳಿದಿದ್ದ ಮೂರು ಮುದ್ದೆ ಸಾರಿನ ಸಮೇತ ಬಂತು. ಯಜಮಾನರು ಮೂರನ್ನೂ ನುಂಗಿದರು. ಬೆರಳು ನೆಕ್ಕುತ್ತಾ, ಮನೆಯಲ್ಲಿ ಈಗ ಯಾರೂ ಮುದ್ದೆ ಮಾಡುವುದಿಲ್ಲ, ಕೇಳಲು ತನಗೂ ಸಂಕೋಚ ಅಂದರು. ಆಮೇಲೆ ಸೀಟು ಉದ್ದಕ್ಕೆ ಮಾಡಿಕೊಂಡು ಮಲಗಿದವರು, ವಿಮಾನ ದಿಲ್ಲಿಯಲ್ಲಿ ನೆಲ ಮುಟ್ಟಿದರೂ ಏಳಲಿಲ್ಲ. ಹುಡುಗಿ ಎರಡು ಸಲ ಅಲುಗಿಸಿದ್ದಳು.

ವಾಪಸ್ ಬರುವಾಗ ಬೇರೆ ಊಟ. ಯಾವುದೋ ಬಿಳಿ ಸಾಸಿನಲ್ಲಿ ಬೇಯಿಸಿದ ತರಕಾರಿ, ತಣ್ಣನೆಯ ಬನ್ನು, ಒಂದು ಚೂರು ಕೇಕು. ಅಕ್ಕ ಈಗ ಏನೇನು ಹೇಳುತ್ತಾಳೋ ಅಂತ ಕಾದೆ. ಅವಳು ಚಕಾರ ಎತ್ತದೆ ಎಲ್ಲವನ್ನೂ ತಿಂದಳು. ಹುಡುಗಿ ಬಗ್ಗಿ, "ಇನ್ನೇನಾದ್ರೂ ಬೇಕಾ ಆಂಟಿ?" ಅಂತ ಕೇಳಿದಾಗೆಲ್ಲ ಹೂಂ ಅಂದಳು. ಇನ್ನೊಂದು ಬನ್ನು ತರಿಸಿಕೊಂಡಳು, ಇನ್ನೊಂದು ಕೇಕು, ಎರಡು ಸಲ ಟೀ.

"ಅಷ್ಟೊಂದು ಚೆನ್ನಾಗಿತ್ತಾ ಅಕ್ಕ?"

"ಊಟ ಏನೂ ಚೆನ್ನಾಗಿಲ್ಲ ಕಣೇ. ಕೂತಲ್ಲೇ ತಂದ್ಕೊಡ್ತಾಳಲ್ಲ, ಅದು ಚೆನ್ನಾಗದೆ."

ಮದುವೆಯಾಗಿ ಬಂದಾಗಿಂದ ನೋಡಿದ್ದೇನೆ, ಅಕ್ಕ ಮನೆಯಲ್ಲೂ ಹೋಟೆಲಿನಲ್ಲೂ ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕ ನಿಂತೇ ಉಣ್ಣುತ್ತಾಳೆ. ಊರಿಗೆ ಬಂದ ಮೇಲೆ ಒಂದು ವಾರ ನಾನು ಅವಳನ್ನು ಬೆಂಚಿನ ಮೇಲೆ ಕೂರಿಸಿ ಬಡಿಸಿದೆ. ಎಂಟನೆಯ ದಿನ, "ನೀನ್ ಬಡಿಸ್ತಾ ನಿಂತ್ರೆ ಸಾರು ಕುದ್ದು ಇಂಗೋಯ್ತದೆ, ಹೋಗು," ಅಂತ ಬೈದು ಎದ್ದು ಹೋದಳು.

ಅಡುಗೆಯವನಿಗೆ ವರದಿ ಒಪ್ಪಿಸಿದೆವು. ಅಕ್ಕ ನಾಲಗೆಯ ವಿಷಯ ಎತ್ತಲಿಲ್ಲ, ಅವನೂ ಕೇಳಲಿಲ್ಲ, ಮುಗುಳ್ನಕ್ಕ ಅಷ್ಟೆ. ಆದರೆ ಬೆಳ್ಳುಳ್ಳಿ ವಾಪಸ್ ಬಂತು, ಮೆಣಸಿನಕಾಯಿ ಪೂರ್ತಿ ಆಯಿತು. ಹಿಟ್ಟಿನ ಜೊತೆ ಅಕ್ಕಿ ನುಚ್ಚು ಬೇಯಿಸಿ ತಿರುವಿದರೆ ಆರಿದರೂ ಮುದ್ದೆ ಕಲ್ಲಾಗುವುದಿಲ್ಲ ಅಂತ ಅಕ್ಕ ಮಾಡಿ ತೋರಿಸಿದಳು. ಗೆಜ್ಜೆಯ ವಿಷಯ ನಾನೇ ಹೇಳಿಬಿಟ್ಟೆ. ಅವನು ಗೋಡೆಗೆ ಹಣೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದ. ನಗುತ್ತಿದ್ದನೋ ಅಳುತ್ತಿದ್ದನೋ ಬೆನ್ನು ನೋಡಿ ಗೊತ್ತಾಗಲಿಲ್ಲ.

ಮುದ್ದೆ ಒಂದು ಮಳೆಗಾಲ ಪೂರ್ತಿ ಹಾರಾಡಿತು. ಆಮೇಲೆ ನಿಲ್ಲಿಸಿದರು. ಯಾಕೆ ಅಂತ ಕೇಳಿದರೆ ಅಡುಗೆಯವನು ಹೇಳಿದ್ದು: ಮೊದಲನೆಯದಾಗಿ, ಉಂಡವರೆಲ್ಲ ಎರಡನೆಯದು ಕೇಳುತ್ತಾರೆ, ತಟ್ಟೆ ಸಾಲುವುದಿಲ್ಲ. ಎರಡನೆಯದಾಗಿ, ಉಂಡವರು ಮಲಗಿಬಿಡುತ್ತಾರೆ. ಇಳಿಯುವಾಗ ಸೀಟು ನೆಟ್ಟಗೆ ಮಾಡಿ ಅಂದರೆ ಏಳುವುದಿಲ್ಲ, ಹುಡುಗಿಯರು ದೂರು ಕೊಟ್ಟಿದ್ದಾರೆ. ಅಕ್ಕನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ. ಆ ದಿನ ಗಿರಾಕಿಗಳ ಜೊತೆ ಅವಳೂ ನಕ್ಕಳು. ಪಿರಿಯಾಪಟ್ಟಣದ ರೈತರೊಬ್ಬರು ಗಾಬರಿಯಾಗಿ, ಮನೆಯಲ್ಲಿ ಎಲ್ಲ ಕ್ಷೇಮವಾ ಅಂತ ನನ್ನನ್ನು ಕೇಳಿದರು.

ಮುದ್ದೆ ಹೋದರೂ ಖಾರ ಮಾತ್ರ ಅಲ್ಲೇ ಉಳಿಯಿತು. ಮೇಲಿನ ಜಡ್ಡು ನಾಲಗೆಯನ್ನು ಎಬ್ಬಿಸುವುದು ಅದೊಂದೇ ಅಂತ ಅವರಿಗೆ ಮನವರಿಕೆಯಾಗಿತ್ತು. ಈಗ ಅದನ್ನು ಯಾವುದೋ ಸುಟ್ಟ ಆಲೂಗಡ್ಡೆಯ ಜೊತೆ ಪುಟ್ಟ ಬಟ್ಟಲಲ್ಲಿ ಕೊಡುತ್ತಾರಂತೆ. ಮೊನ್ನೆ ಅಡುಗೆಯವನು ಫೋನು ಮಾಡಿದ್ದ. ಹೊಸ ಕಾರ್ಡು ಅಚ್ಚಾಗುತ್ತಿದೆ, ಇದಕ್ಕೆ ಏನು ಹೆಸರು ಹಾಕಲಿ ಅಂದ. ಉಪ್ಸಾರು ಖಾರ ಅಂತಲೇ ಹಾಕಿ ಅಂದೆ. ಪರದೇಶದವರಿಗೆ ಅದನ್ನು ಹೇಳಲು ಬಾಯಿ ತಿರುಗುವುದಿಲ್ಲವಲ್ಲ ಅಂತ ಅನುಮಾನಿಸಿದ.

ಅಕ್ಕ ಫೋನು ಕಿತ್ತುಕೊಂಡಳು. "ಮೊದ್ಲು ತಿನ್ಲಿ ಬುಡಿ. ತಿಂದ್ಮೇಲೆ ಬಾಯಿ ತಾನಾಗೇ ತೆರೀತದೆ, ಅವಾಗ ಹೇಳ್ತಾರೆ."